ಮೂರನೇ ಭಾಗಕ್ಕೆ ಬಂದ ಕಾರ್ಡುಗಳು

ಒತಾರು
೬ ಡಿಸೆಂಬರ್ ೧೯೯೩

ನೊಬುಕೋ,

ಎರಡು ವರ್ಷದ ಮೇಲೆ ಅಣ್ಣನಿಂದ ಕಾಗದ ಬಂದಿದೆ, ಅದೂ ಪೆಟ್ಟಿಗೆಯ ಜೊತೆಗೆ. ಒಣಮೀನು ಕಳಿಸಿದ್ದಾನೆ ಎಂದು ಬಾಯಲ್ಲಿ ನೀರೂರಿಸಿಕೊಳ್ಳಬೇಡ. ಪೆಟ್ಟಿಗೆಯಲ್ಲಿರುವುದು ಇನ್ನೂರ ಹನ್ನೆರಡು ಅಂಚೆ ಕಾರ್ಡು.

ನಾನು ಕಥೆ ಬರೆಯುವ ವಿಡಿಯೋ ಆಟದ ಡಬ್ಬಿಯೊಳಗೆ ಕಂಪನಿಯವರು ಒಂದು ಕಾರ್ಡು ಇಟ್ಟಿರುತ್ತಾರಲ್ಲ, ಆಡಿ ಮುಗಿಸಿದವರು ಅಭಿಪ್ರಾಯ ಬರೆದು ಕಳಿಸಲಿ ಎಂದು, ಅವೇ ಇವು. 'ಪತ್ತೇದಾರ ಮೊಸುಕೆ'ಯ ಮೊದಲೆರಡು ಭಾಗಕ್ಕೆ ಬಂದ ಕಾರ್ಡುಗಳನ್ನು ಗೋಡೆಗೆ ಅಂಟಿಸಿಕೊಂಡು ಮೆರೆದವನು ನಾನು. ಮೂರನೇ ಭಾಗ ಅಕ್ಟೋಬರಿನಲ್ಲಿ ಬಂತು. ಒಸಾಕಾದಿಂದ ಕಂಪನಿಯ ವಾಕುಯಾ ಈ ಪೆಟ್ಟಿಗೆ ಕಳಿಸಿ ಮೇಲೊಂದು ಚೀಟಿ ಇಟ್ಟಿದ್ದ. "ಮೇಷ್ಟ್ರೇ, ಹೊಗಳಿರೋದು ಏಳು ಜನ. ಅವನ್ನ ಮೇಲಿಟ್ಟಿದ್ದೀನಿ. ಮಿಕ್ಕಿದ್ದನ್ನ ಊಟ ಆದ್ಮೇಲೆ ಓದಿ."

ಊಟ ಮಾಡಿಯೇ ಓದಲು ಕೂತೆ. ಏಳು ಮುಗಿಸಿ, ಮಿಕ್ಕಿದ್ದರಲ್ಲಿ ಮೂರು ಓದಿದೆ. ಆಮೇಲೆ ಕೈ ನಿಂತಿತು. ಬೈದಿದ್ದಾರೆ ಎಂದಲ್ಲ. ಇಪ್ಪತ್ತು ವರ್ಷದಿಂದ ಜನರನ್ನು ನಗಿಸಿ ಹೊಟ್ಟೆ ಹೊರೆಯುವವನಿಗೆ ಬೈಗುಳ ಹೊಸದೇನಲ್ಲ. ಆ ಮೂವರೂ ಆರನೇ ಅಧ್ಯಾಯದ ಬಗ್ಗೆ ಬರೆದಿದ್ದಾರೆ. ನನಗೆ ಆರನೇ ಅಧ್ಯಾಯ ಬರೆದ ನೆನಪೇ ಇಲ್ಲ, ನೊಬು. ಕೈಬರಹದ ಪ್ರತಿ ತೆಗೆದು ನೋಡಿದೆ. ಅಕ್ಷರ ನನ್ನದೇ.

ಅಮ್ಮನಿಗೆ ಮರೆವು ಶುರುವಾದಾಗ ಐವತ್ತಮೂರು. ನನಗೀಗ ಐವತ್ತೊಂದು.

ಈ ಕಾರ್ಡುಗಳನ್ನು ನೀನು ಓದು. ಓದಿ ಒಂದೇ ಮಾತು ಹೇಳು. ಆಗ ನಾವಿಬ್ಬರೂ ಅಮ್ಮನ ಬಗ್ಗೆ ಏನು ಹೇಳಿಕೊಳ್ಳುತ್ತಿದ್ದೆವೋ, ಈ ಜನ ನನ್ನ ಬಗ್ಗೆ ಅದನ್ನೇ ಹೇಳುತ್ತಿದ್ದಾರೆಯೇ?

ನಾನಂತೂ ಇಲ್ಲಿ ಬೆಚ್ಚಗಿದ್ದೇನೆ. ಈ ಮನೆಗೆ ಬಂದದ್ದೇ ಮೌನಕ್ಕಾಗಿ. ಮಾಡಿನ ಹಿಮ ಜಾರಿ ಬಿದ್ದು ಹಿಂದಿನ ಗೋಡೆಗೆ ಗುಡ್ಡೆಯಾದರೆ ಬೀದಿಯ ಒಂದು ಸದ್ದೂ ಒಳಗೆ ಬರುವುದಿಲ್ಲ. ಮನೆಯೊಡತಿ ಸುಗಾವಾರ ಅಜ್ಜಿ ಮೊದಲೆಲ್ಲ ದಿನಾ ಬೆಳಿಗ್ಗೆ ಸಲಿಕೆ ಹಿಡಿದು ಕೆರೆಯುತ್ತಿದ್ದರು. ಹೋದ ವರ್ಷವೇ ಕೈಮುಗಿದು ಹೇಳಿದೆ. "ಅಜ್ಜೀ, ಆ ಗೋಡೆ ಕಡೆ ಬರಬೇಡಿ. ನೀವು ಒಂದು ಸಲ ಕೆರೆದ್ರೆ ನನ್ನ ಒಂದು ಜೋಕು ಸಾಯುತ್ತೆ." ಈ ವರ್ಷವೂ ಹಾಗೇ ಬಿಟ್ಟಿದ್ದಾರೆ, ಪಾಪ.

ಫೋನ್ ಮಾಡಬೇಡ. ವಾಕುಯಾನ ಕಾಟಕ್ಕೆ ಅದನ್ನು ಕಿತ್ತು ಹಾಸಿಗೆ ಇಡುವ ಬೀರುವಿಗೆ ತುರುಕಿದ್ದೇನೆ.

ಉತ್ತರಕ್ಕೆ ಕಾದಿರುವ ನಿನ್ನ ಅಣ್ಣ,
ಏಸಾಕು

*

ತಾಕಾಮಾತ್ಸು
೧೫ ಡಿಸೆಂಬರ್ ೧೯೯೩

ಅಣ್ಣಾ,

ಪೆಟ್ಟಿಗೆ ಬಂತು. ಅಂಗಡಿಯಲ್ಲಿ ಉದೋನ್ ಶಾವಿಗೆಯ ಹಿಟ್ಟು ತುಳಿದು, ಮಧ್ಯಾಹ್ನದ ಗಿರಾಕಿಗಳು ಎದ್ದ ಮೇಲೆ, ಮೂರು ದಿನ ಅದನ್ನೇ ಓದಿದೆ. ಇನ್ನೂರ ಹನ್ನೆರಡನ್ನೂ.

ಮೂರನೇ ಭಾಗವನ್ನು ನಾನೂ ಆಡಿದ್ದೇನೆ. ಬಂದ ದಿನವೇ ತಂದೆ. ನಿನ್ನ ಮೇಲಿನ ಸಿಟ್ಟು ಬೇರೆ, ಮೊಸುಕೆ ಬೇರೆ. ಅವನ ತಂಗಿ ಓಕಿನು ಪೊರಕೆ ಹಿಡಿದು ಅಣ್ಣನನ್ನು ಅಟ್ಟಾಡಿಸುವಾಗಲೆಲ್ಲ 'ಇದು ನಾನೇ' ಎಂದುಕೊಂಡು ನಕ್ಕವಳು ನಾನು. ಅವಳನ್ನು ಸೋಬಾ ಶಾವಿಗೆ ಅಂಗಡಿಯವಳನ್ನಾಗಿ ಮಾಡಿದ್ದನ್ನು ಮಾತ್ರ ಉದೋನ್ ಮಾರುವ ನಾನು ಕ್ಷಮಿಸುವುದಿಲ್ಲ.

ನೀನು ಕೇಳಿದ್ದಕ್ಕೆ ಬರುತ್ತೇನೆ. ಸೆಂದಾಯ್‌ನ ಒಬ್ಬ ಕ್ಷೌರಿಕ ಬರೆದಿದ್ದಾನೆ: "ಛತ್ರಿ ಮರೆತು ಬಂದ ಜೋಕು ಆರನೇ ಅಧ್ಯಾಯದಲ್ಲಿ ಮೂರು ಸಲ ಇದೆ. ಮೊದಲ ಸಲ ನಕ್ಕೆ. ಎರಡನೇ ಸಲ ಸಹಿಸಿಕೊಂಡೆ. ಮೂರನೇ ಸಲ ಯಂತ್ರ ಆರಿಸಿ ಮಲಗಿದೆ." ಒಕಾಯಾಮಾದ ಶಾಲೆಯ ಹುಡುಗಿ: "ಓಕಿನು ಅಕ್ಕನನ್ನು ಐದನೇ ಅಧ್ಯಾಯದಲ್ಲಿ ಓತಮಾ ಅಂತ ಯಾಕೆ ಕರೀತಾರೆ? ನಂಗೆ ಅಳು ಬಂತು." ಮುರೊರಾನ್‌ನ ಒಬ್ಬ ಹಡಗಿನ ಎಂಜಿನ್ ಕೆಲಸಗಾರ ಕೂತು ಎಣಿಸಿದ್ದಾನೆ: ಐದರಿಂದ ಒಂಬತ್ತನೇ ಅಧ್ಯಾಯದವರೆಗೆ ಮೊಸುಕೆ 'ತಲೆ ಸಿಡಿಯುತ್ತಿದೆ' ಎಂದು ಮೂವತ್ತೊಂದು ಸಲ ಹೇಳುತ್ತಾನಂತೆ. ಅವನು ಇನ್ನೂ ಏನೇನೋ ಬರೆದಿದ್ದಾನೆ. ಅದನ್ನು ನಿನಗೆ ಬರೆಯುವುದಿಲ್ಲ, ಬರಿ ಚುಚ್ಚುಮಾತು.

ಹೇಳಿದ್ದನ್ನೇ ಹೇಳುವುದು. ಮನೆಯವರ ಹೆಸರು ತಪ್ಪುವುದು. ಹೌದಣ್ಣಾ. ಅಮ್ಮನ ಬಗ್ಗೆ ನಾವು ಹೇಳಿಕೊಂಡದ್ದೇ ಇದು. ಸುಳ್ಳು ಬರೆದರೆ ನೀನು ಕಂಡುಹಿಡಿಯುತ್ತೀಯ, ಅದಕ್ಕೇ ಬರೆಯಲಿಲ್ಲ. 'ನಾವು' ಎಂದು ನೀನು ಬರೆದದ್ದಕ್ಕೆ ಮಾತ್ರ ಮೈ ಉರಿಯಿತು. ಅಮ್ಮ ಕೊನೆಯ ಆರು ವರ್ಷ ನನ್ನ ಹತ್ತಿರ ಇದ್ದಳು. ನೀನು ಬಂದದ್ದು ಒಂದೇ ಸಲ. ಬಾಗಿಲಲ್ಲಿ ನಿಂತ ನಿನ್ನನ್ನು ನೋಡಿ ಅಮ್ಮ, "ಮೀಟರ್ ನೋಡೋಕೆ ಬಂದೋರಾ? ಹಿಂದುಗಡೆ ಇದೆ, ಹೋಗಿ" ಅಂದಳು. ನೀನು "ಹೌದಮ್ಮ" ಎಂದು ಹಿಂದೆ ಹೋಗಿ, ಮೀಟರ್ ನೋಡಿ, ಏನೋ ಗೀಚಿಕೊಂಡು, ಟೋಪಿ ತೆಗೆದು ನಮಸ್ಕಾರ ಮಾಡಿ ಹಾಗೇ ಹೊರಟುಹೋದೆ. ನಾನು ಬೀದಿಯವರೆಗೆ ಓಡಿ ಬಂದೆ. ನೀನು ತಿರುಗಿಯೂ ನೋಡಲಿಲ್ಲ. ಅಮ್ಮ ತೀರಿಕೊಂಡ ತಿಂಗಳು ಎರಡನೇ ಭಾಗ ಬಂತು. ಅದರಲ್ಲಿ ಒಬ್ಬ ಮುದುಕಿ ಪತ್ತೇದಾರನನ್ನು ಮೀಟರಿನವನು ಅಂದುಕೊಳ್ಳುತ್ತಾಳೆ. ನಾಡೆಲ್ಲ ಬಿದ್ದುಬಿದ್ದು ನಕ್ಕಿತು.

ಇದನ್ನು ಎರಡು ವರ್ಷ ಒಳಗಿಟ್ಟುಕೊಂಡಿದ್ದೆ, ಇವತ್ತು ಬರೆದೆ. ಈಗ ನನ್ನ ಮಾತು ಕೇಳು. ಡಾಕ್ಟರ ಹತ್ತಿರ ಹೋಗು. ನಾಳೆಯೇ ಹೋಗು. ನನಗೆ ಹೆದರಿಕೆಯಾಗುತ್ತಿದೆ.

ನೊಬುಕೋ

*

ಒತಾರು
೨೭ ಡಿಸೆಂಬರ್ ೧೯೯೩

ನೊಬು,

ಡಾಕ್ಟರ ಹತ್ತಿರ ಹೋಗುವುದಿಲ್ಲ. ಅವರು ಆ ಹೆಸರು ಹೇಳುತ್ತಾರೆ, ಹೇಳಿದ ಮೇಲೆ ಅದು ನನ್ನದಾಗುತ್ತದೆ. ಹೇಳದಿರುವವರೆಗೆ ನಾನು ಬರಿ ಕೆಟ್ಟದಾಗಿ ಬರೆದ ಬರಹಗಾರ. ಹಾಗೆ ಇರುವುದು ಎಷ್ಟೋ ವಾಸಿ.

ಮೀಟರಿನ ಬಗ್ಗೆ ನೀನು ಬರೆದದ್ದು ಸರಿ. ಅದಕ್ಕೆ ಉತ್ತರ ಬರೆಯಲು ಮೂರು ಸಲ ಕೂತೆ. ಇನ್ನೊಂದು ದಿನ ಬರೆಯುತ್ತೇನೆ.

ವಾಕುಯಾನಿಗೆ ಫೋನ್ ಬೂತಿನಿಂದ ಮಾತಾಡಿದೆ. "ಏನಯ್ಯಾ, ಒಂದೇ ಜೋಕು ಮೂರು ಸಲ ಬಂದಿದೆ, ನೀನು ನೋಡಲೇ ಇಲ್ವಾ?" ಎಂದೆ. "ನೋಡಿದೆ ಮೇಷ್ಟ್ರೇ. ನಿಮ್ಮ ಹೊಸ ಶೈಲಿ ಅಂದ್ಕೊಂಡೆ. ಆಫೀಸಿನಲ್ಲಿ ಎಲ್ರೂ ತಲೆದೂಗಿದ್ರು" ಎಂದ. ದೊಡ್ಡ ಹೆಸರು ಬಂದ ಮೇಲೆ ನಮ್ಮ ತಪ್ಪನ್ನೂ ಜನ ಎದ್ದು ನಿಂತು ಗೌರವಿಸುತ್ತಾರೆ ನೋಡು.

ನಾಲ್ಕನೇ ಭಾಗ ಶುರುಮಾಡಿದ್ದೇನೆ. ತಲೆ ಇರುವಾಗಲೇ ಒಂದು ಒಳ್ಳೆಯದನ್ನು ಬರೆದುಬಿಡಬೇಕು. ಬೆಳಿಗ್ಗೆ ತಲೆನೋವು, ಹೊಟ್ಟೆ ತೊಳಸು. ಸಂಜೆ ಇಳಿಜಾರು ಇಳಿದು ಊರಿನ ಸಾರ್ವಜನಿಕ ಸ್ನಾನದ ಮನೆಗೆ ಹೋಗಿ ಬಿಸಿನೀರಿನಲ್ಲಿ ಕೂತರೆ ತಿಳಿಯಾಗುತ್ತದೆ, ವಾಪಸ್ ಬಂದು ಬರೆಯಲು ಕೂತರೆ ಮತ್ತೆ ಮಂಕು. ಹೋದ ಫೆಬ್ರುವರಿಯಲ್ಲೂ ಹೀಗೇ ಇತ್ತು, ನನ್ನ ಹಕ್ಕಿ ಸತ್ತ ತಿಂಗಳು. ಬಿಳಿ ಬುಂಚೋ, ಬೆರಳ ಮೇಲೆ ಕೂತು ಅಕ್ಕಿ ತಿನ್ನುತ್ತಿತ್ತು. ಒಂದು ಬೆಳಿಗ್ಗೆ ಪಂಜರದ ತಳದಲ್ಲಿ ಬಿದ್ದಿತ್ತು. ಚಳಿಗೆ ಸತ್ತಿತು ಎಂದುಕೊಂಡು ಕೋಣೆ ಕಾಯಿಸುವ ಒಲೆಯನ್ನು ಇನ್ನಷ್ಟು ಜೋರು ಮಾಡಿದೆ.

ಒಂದು ಮಾತು. ಅಮ್ಮನ ಹಾಗೆ ನಿನ್ನ ಕೊರಳಿಗೆ ಜೋತುಬೀಳುವುದಿಲ್ಲ. ಅಷ್ಟು ಮಾತ್ರ ನಿಶ್ಚಯ ಮಾಡಿಕೊಂಡಿದ್ದೇನೆ.

ಹೊಸ ವರ್ಷದ ಅಂಟಂಟು ಮೋಚಿ ಕಡುಬು ಗಂಟಲಿಗೆ ಸಿಕ್ಕಿಸಿಕೊಳ್ಳಬೇಡ ಎನ್ನುವ,
ಏಸಾಕು

*

ತಾಕಾಮಾತ್ಸು
೮ ಜನವರಿ ೧೯೯೪

ಅಣ್ಣಾ,

'ಅಷ್ಟು ಮಾತ್ರ ನಿಶ್ಚಯ' ಅಂದರೆ ಏನರ್ಥ? ಆ ಸಾಲನ್ನು ಹತ್ತು ಸಲ ಓದಿದೆ. ಹಬ್ಬದ ಅಡುಗೆ ಮಾಡಿದೆ, ತಿನ್ನಲಾಗಲಿಲ್ಲ. ಜೋತುಬೀಳು, ಮಹರಾಯ. ಅಮ್ಮನನ್ನು ಹೊತ್ತ ಕೊರಳು ಇನ್ನೂ ಗಟ್ಟಿಯಾಗಿದೆ. ನಿನ್ನ ಮೇಲೆ ನನಗಿದ್ದ ಸಿಟ್ಟು ನೀನು ಹೊರೆಯಾಗುತ್ತೀಯ ಎಂದಲ್ಲ, ಹೊರೆಯಾಗಲು ಕೂಡ ಹತ್ತಿರ ಬರಲಿಲ್ಲ ಎಂದು.

ಕಾರ್ಡುಗಳನ್ನು ಅಂಗಡಿಯ ಮೇಜಿನ ಮೇಲೆ ಅಧ್ಯಾಯದ ಪ್ರಕಾರ ಜೋಡಿಸಿದೆ. ಒಂದು ವಿಚಿತ್ರ ಕಾಣುತ್ತಿದೆ. ಒಂದರಿಂದ ನಾಲ್ಕನೇ ಅಧ್ಯಾಯದ ಬಗ್ಗೆ ಯಾರೂ ದೂರಿಲ್ಲ. ಐದರಿಂದ ಒಂಬತ್ತಕ್ಕೆ ಬೈಗುಳದ ಸುರಿಮಳೆ. ಹತ್ತನೆಯದನ್ನು ಬೈದವರೂ ಹೊಗಳಿದ್ದಾರೆ. ನಾಗೋಯಾದ ಒಬ್ಬ ಟ್ಯಾಕ್ಸಿಯವನು ಹೀಗೆ ಬರೆದಿದ್ದಾನೆ: "ಕೊನೇ ಅಧ್ಯಾಯ ಬರೆದವರು ಯಾರೋ, ಅವರನ್ನೇ ಇಟ್ಕೊಳ್ಳಿ. ಮಧ್ಯದ್ದು ಬರೆದವನನ್ನ ಓಡಿಸಿ."

ಹತ್ತನೆಯದು ಯಾರು ಬರೆದದ್ದು? ನೀನೇ ಆದರೆ ಯಾವ ತಿಂಗಳಲ್ಲಿ ಬರೆದೆ, ಎಲ್ಲಿ ಕೂತು ಬರೆದೆ? ತಮಾಷೆ ಬೇಡ, ಸರಿಯಾಗಿ ಉತ್ತರ ಕೊಡು. ಅಮ್ಮನಿಗೆ ಒಮ್ಮೆ ಹೋದದ್ದು ಮತ್ತೆ ಬರಲಿಲ್ಲ. ನಿನಗೆ ಹತ್ತನೇ ಅಧ್ಯಾಯದಲ್ಲಿ ಹೇಗೆ ಬಂತು?

ಫೋನನ್ನು ಬೀರುವಿನಿಂದ ತೆಗೆ.

ನೊಬುಕೋ

*

ಒತಾರು
೧೯ ಜನವರಿ

ಪ್ರೀತಿಯ ಓಕಿನು,

ಕಾಗದ ಬಂತು. ಇಲ್ಲಿ ತುಂಬ ನಿಶ್ಶಬ್ದ. ಹಿಮ ಕಿಟಕಿಯ ಮೇಲಂಚಿಗೆ ಬಂದಿದೆ, ಹಗಲೂ ದೀಪ ಹಾಕಿರುತ್ತೇನೆ. ಬೆಚ್ಚಗಿದೆ.

ಹತ್ತನೆಯದು ನಾನೇ ಬರೆದೆ. ಜೂನ್. ಕಿಟಕಿ ತೆಗೆದು, ಕಾಗೆಗಳ ಗಲಾಟೆಯಲ್ಲಿ. ನಡುವಿನದು ಹಿಮದಲ್ಲಿ. ಫೆಬ್ರುವರಿಯಲ್ಲಿ ಹತ್ತು ದಿನ ಒಸಾಕಾಕ್ಕೆ ಹೋಗಿದ್ದೆ, ಅಲ್ಲಿ ತಲೆ ಕನ್ನಡಿಯ ಹಾಗಿತ್ತು. ವಾಕುಯಾನನ್ನು ನಗಿಸಿ ನಗಿಸಿ ಟೀ ಮೂಗಿಗೆ ಹತ್ತಿಸಿದೆ. ಮನೆಗೆ ಬಂದೆ, ಮತ್ತೆ ಹೋಯಿತು. ಇಲ್ಲಿ ತುಂಬ ನಿಶ್ಶಬ್ದ.

ಸ್ನಾನದ ಮನೆಗೆ ಈಗ ಹೋಗುತ್ತಿಲ್ಲ. ಕಾಲು ನಿಲ್ಲುವುದಿಲ್ಲ. ಸುಗಾವಾರ ಅಜ್ಜಿ ಬಾಗಿಲ ಹತ್ತಿರ ಸಾರು ಇಟ್ಟು, ಅಂಚೆಗೆ ಹಾಕುವ ಕಾಗದ ಒಯ್ಯುತ್ತಾರೆ, "ಗೋಡೆ ಹಿಮ ತೆಗೀಲಾ?" ಎಂದು ಕೇಳುತ್ತಾರೆ. ಬೇಡ ಎನ್ನುತ್ತೇನೆ. ನಾಲ್ಕನೇ ಭಾಗದ ಮೊದಲ ಅಧ್ಯಾಯ ಮುಗಿಯಿತು. ತಿರುಗಿ ಓದಿದೆ. ಮೊಸುಕೆ ಛತ್ರಿ ಮರೆತು ಬರುತ್ತಾನೆ.

ಮೀಟರ್. ಹೇಳುತ್ತೇನೆ ಎಂದಿದ್ದೆನಲ್ಲ. ಅವತ್ತು ಅಮ್ಮ ನನ್ನ ಮುಖ ನೋಡಿ ಯಾರೋ ಪರರಿಗೆ ಕೊಡುವ ನಗು ಕೊಟ್ಟಳು. 'ಅಮ್ಮಾ ನಾನು' ಎಂದು ಹೇಳಿದ ಮೇಲೂ ಅದೇ ನಗು ಬಂದರೆ ಏನು ಮಾಡಲಿ ಎಂದು ಹೆದರಿದೆ. ಹೆದರಿ ಮೀಟರಿನವನಾದೆ. ಹಿಂದೆ ಹೋಗಿ ನಿಂತೆ. ಏನು ಗೀಚಿಕೊಂಡೆ ಗೊತ್ತೇ? ಅವಳ ಹೆಸರು.

ಸ್ವಲ್ಪ ಮಲಗುತ್ತೇನೆ. ಇಲ್ಲಿ ತುಂಬ ನಿಶ್ಶಬ್ದ.

ಏಸಾಕು

*

ತಾಕಾಮಾತ್ಸು
೨೪ ಜನವರಿ ೧೯೯೪, ಬೆಳಿಗ್ಗೆ ಹತ್ತೂವರೆ

ಅಣ್ಣಾ,

ಈ ಕಾಗದ ನಿನಗೆ ಯಾವಾಗ ಸಿಗುತ್ತದೋ, ಸಿಗುತ್ತದೋ ಇಲ್ಲವೋ ತಿಳಿಯದು. ಫೋನ್ ಪಕ್ಕ ಕೂತಿದ್ದೇನೆ. ಬರೆಯದೇ ಇದ್ದರೆ ಕೂರಲಾಗುವುದಿಲ್ಲ.

ನಿನ್ನ ಕಾಗದ ಒಂಬತ್ತೂವರೆಗೆ ಬಂತು. ಮೇಲೆ ಓಕಿನು ಎಂದು ನೋಡಿ ಮೊದಲು ಅತ್ತೆ. ಆಮೇಲೆ ಮುಂದಕ್ಕೆ ಓದಿದೆ. ಒಸಾಕಾದಲ್ಲಿ ನೀನು ಚೆನ್ನಾಗಿದ್ದೆ. ಜೂನ್‌ನಲ್ಲಿ ಚೆನ್ನಾಗಿದ್ದೆ. ಸ್ನಾನದ ಮನೆಯಲ್ಲಿ ಚೆನ್ನಾಗಿದ್ದೆ. ಅಣ್ಣಾ, ಅಮ್ಮನ ಕಾಯಿಲೆ ಊರು ನೋಡಿ, ತಿಂಗಳು ನೋಡಿ ಬರುತ್ತಿರಲಿಲ್ಲ. ಎಲ್ಲಿಗೆ ಕರೆದುಕೊಂಡು ಹೋದರೂ ಅವಳ ಜೊತೆಗೇ ಬರುತ್ತಿತ್ತು. ನಿನ್ನದು ಆ ಕೋಣೆಯಲ್ಲಿದೆ.

ಆಗ ಆ ಮುರೊರಾನ್ ಹಡಗಿನವನ ಕಾರ್ಡು ನೆನಪಾಯಿತು. ಚುಚ್ಚುಮಾತು, ನಿನಗೆ ಬರೆಯುವುದಿಲ್ಲ ಎಂದಿದ್ದೆನಲ್ಲ, ಅದು. ಪೆಟ್ಟಿಗೆಯನ್ನು ನೆಲಕ್ಕೆ ಸುರಿದು ಹುಡುಕಿ ತೆಗೆದೆ. 'ಇತರ ಅಭಿಪ್ರಾಯ' ಎನ್ನುವ ಕಡೆ ಹೀಗಿದೆ: "ನಮ್ಮ ಹಡಗಿನಲ್ಲಿ ಒಬ್ಬನಿಗೆ ಒಲೆಯ ವಿಷಾನಿಲ ತಗುಲಿ ಹೀಗೇ ಆಗಿತ್ತು. ತಲೆನೋವು ಅಂತಿದ್ದ, ಹೇಳಿದ್ದೇ ಹೇಳ್ತಿದ್ದ, ನಮ್ಮ ಹೆಸರೆಲ್ಲ ಮರೆತ. ಬರಹಗಾರರ ಮನೆ ಹೊಗೆಕೊಳವೆ ಯಾರಾದರೂ ನೋಡಿ ಸ್ವಾಮಿ."

ಡಿಸೆಂಬರಿನಲ್ಲೇ ಇದನ್ನು ಓದಿದ್ದೆ. ಓದಿ ನಕ್ಕಿದ್ದೆ. ಅಣ್ಣನಿಗೆ ನೋವಾಗಬಾರದು ಎಂದು ಪಕ್ಕಕ್ಕಿಟ್ಟೆ. ನನ್ನ ಒಳ್ಳೆಯತನಕ್ಕೆ ಬೆಂಕಿ ಬೀಳಲಿ.

ಒತಾರು ಪೊಲೀಸರಿಗೆ ಫೋನ್ ಮಾಡಿದೆ. ಫೋನ್ ಎತ್ತಿದವನು, "ಅಮ್ಮಾ, ಇಲ್ಲಿ ಹಿಮಗಾಳಿ. ಆ ದಿಬ್ಬಕ್ಕೆ ಗಾಡಿ ಹತ್ತಲ್ಲ, ನಡ್ಕೊಂಡೇ ಹೋಗ್ಬೇಕು. ಹೊಗೆಕೊಳವೆ ಯಾವ ಕಡೆ ಇದೆ?" ಎಂದ. "ಹಿಂದಿನ ಗೋಡೆಲಿ ಇರ್ಬೇಕಪ್ಪಾ, ಹಿಮದ ಕೆಳಗೆ. ಎತ್ಬೇಡಿ ಅಂತ ಅವನೇ ಹೇಳಿದಾನೆ" ಎಂದೆ. ಅವನು ಪಕ್ಕದವರಿಗೆ ಏನೋ ಕೂಗಿ ಹೇಳಿದ. "ಇಡಿ ಫೋನು. ಹೊರಟ್ವಿ" ಎಂದ. ಆ ಕೂಗು ನನ್ನ ಕಿವಿಯಲ್ಲೇ ಇದೆ.

ಹತ್ತೂ ಮುಕ್ಕಾಲು. ಅಂಗಡಿಯ ಪರದೆ ಇಳಿಸಿದ್ದೇನೆ. ಹೊರಗೆ ಯಾರೋ ಬಾಗಿಲು ತಟ್ಟಿ, "ಏನಕ್ಕಾ, ಇವತ್ತು ಉದೋನ್ ಇಲ್ವಾ?" ಎನ್ನುತ್ತಿದ್ದಾರೆ. ಇಲ್ಲಿ ಬಿಸಿಲಿದೆ. ನೀನು ಆ ಕಾಗದ ಬರೆದು ಐದು ದಿನವಾಯಿತು. ಐದು ದಿನ ಆ ಕೋಣೆಯಲ್ಲಿ ಏನಾಗಿರಬಹುದು ಎಂದು ಎಣಿಸುವುದಿಲ್ಲ.

ಗೀಚಿಕೊಂಡದ್ದು ಅಮ್ಮನ ಹೆಸರು ಎಂದು ಯಾಕೋ ಅವತ್ತೇ ಹೇಳಲಿಲ್ಲ? ಬೀದಿಯವರೆಗೆ ಓಡಿಬಂದೆನಲ್ಲೋ.

ಹನ್ನೊಂದು ಹತ್ತು. ಹೋಗಿ ಮುಟ್ಟಿರಬೇಕು.

ಹನ್ನೊಂದೂವರೆ. ಅಣ್ಣಾ, ಆಟ ಹೇಗಾದರೂ ಇರಲಿ, ನೀನು ಇನ್ನೂರು ಸಲ ಅದೇ ಛತ್ರಿ ಮರೆ. ನಾನು ಇನ್ನೂರು ಸಲ ನಗುತ್ತೇನೆ.

ಫೋನ್ ಬಡಿದುಕೊಳ್ಳುತ್ತಿದೆ

*

ಒತಾರು
೨ ಮಾರ್ಚ್ ೧೯೯೪

ನೊಬುಕೋ,

ಹೆಸರು ಸರಿಯಾಗಿ ಬರೆದಿದ್ದೇನೆ, ನೋಡಿಕೋ. ಈಗ ಸುಗಾವಾರ ಅಜ್ಜಿಯ ಮನೆಯ ಮಹಡಿಯಲ್ಲಿದ್ದೇನೆ. ಕಿಟಕಿ ತೆಗೆದಿದ್ದೇನೆ.

ಪೊಲೀಸಿನವರು ಬಾಗಿಲು ಒಡೆಯುತ್ತಿದ್ದಾಗ ಎಪ್ಪತ್ತನಾಲ್ಕು ವರ್ಷದ ಅಜ್ಜಿ ಹಿಂದಿನ ಗೋಡೆಯ ಹಿಮಕ್ಕೆ ಸಲಿಕೆ ಹಾಕಿದರಂತೆ. ಕೊಳವೆಯ ಬಾಯಿ ಮಂಜುಗಡ್ಡೆಯಿಂದ ಮುಚ್ಚಿಹೋಗಿತ್ತು. ಆಸ್ಪತ್ರೆಗೆ ನನ್ನನ್ನು ನೋಡಲು ಬಂದಾಗ ಅಜ್ಜಿ ಹೇಳಿದ್ದು: "ನಿಮ್ಮ ಮೌನಕ್ಕಿಷ್ಟು ಬೆಂಕಿ ಹಾಕ. ಇನ್ಮೇಲೆ ದಿನಾ ಬೆಳಿಗ್ಗೆ ಕೆರೀತೀನಿ, ಯಾವ ಜೋಕು ಸಾಯುತ್ತೋ ಸಾಯ್ಲಿ." ಹೇಳಿದ ಹಾಗೆಯೇ ಕೆರೆಯುತ್ತಾರೆ. ಅಷ್ಟು ಚೆಂದದ ಸದ್ದು ನಾನು ಕೇಳಿಲ್ಲ.

ನೀನು ಆಸ್ಪತ್ರೆಯಲ್ಲಿ ಬಿಟ್ಟುಹೋದ, ಅರ್ಧಕ್ಕೆ ನಿಂತ ಕಾಗದ ಓದಿದೆ. ಮುರೊರಾನ್‌ನ ಪುಣ್ಯಾತ್ಮನಿಗೆ ಉದ್ದದ ವಂದನೆ ಬರೆದು, ಜೊತೆಗೆ ಒಂದು ಡಬ್ಬಿ ಮಿಠಾಯಿ ಕಳಿಸಿದೆ. ಅವನ ಉತ್ತರ ಬಂತು, ಮತ್ತೆ ಅದೇ ಆಟದ ಕಾರ್ಡಿನಲ್ಲಿ: "ನೀವು ಬದುಕಿದ್ದು ಸಂತೋಷ. ಆದರೂ ಆಟ ಚೆನ್ನಾಗಿರಲಿಲ್ಲ."

ನೀನು ವಿಮಾನ ಹತ್ತಿ ಬಂದು ನಾಲ್ಕು ದಿನ ನನ್ನ ಪಕ್ಕ ಕೂತಿದ್ದೆ ಎಂದು ನರ್ಸ್ ಹೇಳಿದಳು. ಐದನೇ ದಿನ ನಾನು ಕಣ್ಣು ಬಿಟ್ಟು ನಿನ್ನನ್ನೇ ನೋಡಿದೆನಂತೆ. ನೋಡಿ, "ಮೀಟರ್ ನೋಡೋಕೆ ಬಂದೋರಾ?" ಎಂದೆನಂತೆ. ನೀನು ಚೀಲ ಎತ್ತಿಕೊಂಡು ಹೊರಟುಹೋದೆಯಂತೆ. ಆಮೇಲೆ ಐದು ವಾರ ನಿನ್ನಿಂದ ಒಂದು ಸಾಲೂ ಇಲ್ಲ.

ನೊಬು, ಅದು ತಮಾಷೆಯೋ, ನಿಜವಾಗಿಯೂ ನಿನ್ನ ಗುರುತು ಹತ್ತಲಿಲ್ಲವೋ, ನನಗೇ ಗೊತ್ತಿಲ್ಲ. ಆ ದಿನ ನನ್ನ ತಲೆಯಲ್ಲಿ ಇಲ್ಲ. ತಮಾಷೆ ಎಂದು ಬರೆದುಬಿಡಬಹುದಿತ್ತು, ನೀನು ನಂಬಲೂಬಹುದಿತ್ತು. ಸುಳ್ಳು ಬರೆಯುವುದಿಲ್ಲ. ನೀನು ಯಾಕೆ ಎದ್ದು ಹೋದೆ ಎಂದು ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ. ಅಮ್ಮನ ಬಾಗಿಲಿನಿಂದ ನಾನು ಹೋದದ್ದೂ ಅದಕ್ಕೇ.

ಅಮ್ಮನ ಕಾಯಿಲೆ ನನಗಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಆದರೆ ಈ ಅನಿಲ ಒಮ್ಮೊಮ್ಮೆ ಹೋದ ಹಾಗೆ ಮಾಡಿ ವಾರಗಳ ಮೇಲೆ ತಿರುಗಿ ಹೊಡೆಯುತ್ತದಂತೆ. "ಇನ್ನೂ ಸ್ವಲ್ಪ ದಿನ ಕಳೀಲಿ, ಆಮೇಲೆ ಹೇಳ್ತೀನಿ" ಎಂದಿದ್ದಾರೆ. ಹಾಗಾಗಿ ದಿನಾ ಬೆಳಿಗ್ಗೆ ಎದ್ದು ನಿನ್ನ ಹೆಸರು, ಅಮ್ಮನ ಹೆಸರು, ಓಕಿನುವಿನ ಹೆಸರು ಬೇರೆಬೇರೆಯಾಗಿ ಜೋರಾಗಿ ಹೇಳುತ್ತೇನೆ. ಕೆಳಗಿನಿಂದ ಅಜ್ಜಿ, "ಯಾರ್ರೀ ಅದು ಮೂರು ಜನ ಹೆಂಗಸ್ರು?" ಎನ್ನುತ್ತಾರೆ. ಕಿಟಕಿ ತೆಗೆದಿದ್ದೇನೆ.

ನಾಲ್ಕನೇ ಭಾಗದ ಕಾಗದವನ್ನೆಲ್ಲ ಒಲೆಗೆ ಹಾಕಿದೆ. ಇನ್ನು ಬರೆಯಲು ಬರುತ್ತದೋ ಇಲ್ಲವೋ ತಿಳಿಯದು. ಪೆನ್ನು ಹಿಡಿಯಲು ಹೆದರಿಕೆ. ಮೊದಲ ಜೋಕಿಗೇ ಛತ್ರಿ ಬಂದುಬಿಟ್ಟರೆ ಎಂದು. ಅದಕ್ಕೇ ಮೊದಲು ನಿನಗೆ ಬರೆಯೋಣ ಎಂದು ಕೂತೆ. ಹೇಳಿದೆನೋ ಇಲ್ಲವೋ, ಕಿಟಕಿ ತೆಗೆದಿದ್ದೇನೆ.

ಮೂರು ಸಲವಾಯಿತು. ಮೊದಲ ಸಲ ನೀನು ಸುಮ್ಮನಿದ್ದೆ, ಎರಡನೇ ಸಲ ಹುಬ್ಬು ಗಂಟಿಕ್ಕಿದೆ, ಈಗ ನಿನ್ನ ಎದೆ ಧಸಕ್ ಎಂದಿರಬೇಕು. ಇದು ಬೇಕೆಂದೇ ಬರೆದದ್ದು ಕಣೇ. ಐದು ವಾರದಲ್ಲಿ ನಾನು ಮಾಡಿದ ಮೊದಲ ಜೋಕು.

ನಂಬಿಕೆ ಬರಲಿಲ್ಲವೇ? ಸರಿ, ನಂಬಬೇಡ. ಬಂದು ನೋಡು. ಬಾಗಿಲು ತಟ್ಟಿ, ಮೀಟರ್ ನೋಡಲು ಬಂದವಳು ಎಂದು ಹೇಳು. ನಾನು ಕೆಳಗಿಳಿದು ಬಂದು, ಬಾಗಿಲು ತೆಗೆದು, ನಿನ್ನ ಮುಖ ನೋಡಿ, ನೊಬುಕೋ ಒಳಗೆ ಬಾ ಎನ್ನುತ್ತೇನೆ.

ಎನ್ನುತ್ತೇನೋ ಇಲ್ಲವೋ, ನನಗೂ ನೋಡಬೇಕು.

ನಿನ್ನ ಅಣ್ಣ,
ಏಸಾಕು